ವಿಯೆಟ್ನಾಮಿನ ಒರಿಜಿನಲ್ ಚಟ್ನಿ

ತ್ರಿವೇಣಿ ನಾಲ್ಕನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೈಗೆ ನೀರು ಸವರುತ್ತಿದ್ದಾಗ ಹೊರಗಿನ ಕೋಣೆಯಿಂದ ತಾಟು ಹಿಂದಕ್ಕೆ ಬಂತು. ಅದರಲ್ಲಿ ಒಂದೂವರೆ ತುತ್ತು ಕಡಿಮೆಯಾಗಿತ್ತು. ನಿನ್ನೆ ಎರಡು ತುತ್ತು ಕಡಿಮೆಯಾಗಿತ್ತು. ಅಂದರೆ ಪರಿಸ್ಥಿತಿ ಕೆಡುತ್ತಿತ್ತು.

"ಆಯಿ ಏನಂದಳು?" ತಾಟು ತಂದ ಮಗಳು ರೇಣುವನ್ನು ಕೇಳಿದಳು.

"ಬಾಯಾಗ ಬೂದಿ ಹಾಕ್ಕೊಂಡಂಗ ಆಗತೈತಂತ. ನೀ ಮಾಡಿದ ಬದನಿಕಾಯಿಗೆ ಆಯಿ ಅಂದದ್ದು ಮಮ್ಮಿ, ನಾ ಅಂದಿಲ್ಲ."

ತ್ರಿವೇಣಿಯ ಅತ್ತೆ ಬಸವಣ್ಣೆವ್ವನಿಗೆ ಎಪ್ಪತ್ತಾರು ವರ್ಷ. ಜ್ಯೇಷ್ಠದಲ್ಲಿ ಟೈಫಾಯ್ಡ್ ಬಂದಿತ್ತು. ಜ್ವರವೇನೋ ಮೂರು ವಾರಕ್ಕೆ ಬಿಟ್ಟುಹೋಯಿತು, ಹೋಗುವಾಗ ಮುದುಕಿಯ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಈಗ ಶ್ರಾವಣ ಬಂದರೂ ಅದು ವಾಪಸಾಗಿರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಡಾಕ್ಟರು ಎಲ್ಲ ರಿಪೋರ್ಟು ನೋಡಿ, "ಆಜಿ, ಖಾಯ್‌ಲಾ ಪಾಹಿಜೇ," ಉಣ್ಣಬೇಕು ಅಜ್ಜಿ, ಎಂದು ಮರಾಠಿಯಲ್ಲಿ ಹೇಳಿ ಫೀ ತೆಗೆದುಕೊಂಡಿದ್ದರು. ಈ ಮಾತನ್ನು ಪುಣೆಯ ಕೊಂಢವಾ ಭಾಗದ ಆ ಬಿಲ್ಡಿಂಗಿನ ಮೂರೂ ಮಹಡಿಯವರು ಪುಕ್ಕಟೆಯಾಗಿ ಹೇಳಿಯಾಗಿತ್ತು. ಎದುರು ಮನೆಯ ಧಾರವಾಡದ ಗೋದಾ ವೈನಿಯಂತೂ ದಿನಕ್ಕೊಂದು ಬಟ್ಟಲು ತಂದು, ಬಾಗಿಲಲ್ಲಿ ನಿಂತು, ಖಾಲಿಯಾಗುವುದನ್ನು ಕಾಯುತ್ತಿದ್ದಳು. ಬಟ್ಟಲು ಖಾಲಿಯಾಗುತ್ತಿತ್ತು ನಿಜ, ರೇಣುವಿನ ಹೊಟ್ಟೆಗೆ.

ಅಷ್ಟರಲ್ಲಿ ಮನೆಯ ಯಜಮಾನ ಹೊಳಬಸಪ್ಪ ಅಡಿಗೆಮನೆಗೆ ಬಂದ. ಅವನ ಕೈಯಲ್ಲಿ ಒಂದು ಹೊಳೆಯುವ ಕಾಗದವಿತ್ತು.

ಹೊಳಬಸಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ಬೈಲಹೊಂಗಲದಿಂದ ಪುಣೆಗೆ ಬಂದು ಮೂವತ್ತು ವರ್ಷವಾದ ಈತನಿಗೆ ಕೊಂಢವಾದ ರಸ್ತೆಯ ಮೇಲೆ ಮೋಟರ್‌ಸೈಕಲ್ ಬಿಡಿಭಾಗಗಳ ಅಂಗಡಿಯಿತ್ತು. 'ಇಲ್ಲಿ ಒರಿಜಿನಲ್ ಮಾತ್ರ' ಎಂದು ಬೋರ್ಡಿನ ಮೇಲೆ ಮರಾಠಿಯಲ್ಲಿ ಬರೆಸಿದ್ದ. ಮೂವತ್ತು ವರ್ಷ ಆ ಬೋರ್ಡಿನ ಕೆಳಗೆ ಕುಳಿತ ಪರಿಣಾಮವಾಗಿ ಲೋಕದಲ್ಲಿ ಎರಡೇ ಜಾತಿ ಎಂದು ಅವನಿಗೆ ಖಾತ್ರಿಯಾಗಿತ್ತು, ಒರಿಜಿನಲ್ ಮತ್ತು ಡುಪ್ಲಿಕೇಟ್. ಬೆಳಗಾವಿಯ ಮಳೆ ಒರಿಜಿನಲ್, ಪುಣೆಯದು ಡುಪ್ಲಿಕೇಟ್. ಟೈಫಾಯ್ಡ್ ನೋಡಿದ ಡಾಕ್ಟರು ಡುಪ್ಲಿಕೇಟ್. ತನ್ನ ಮಾವನವರು ಮಾತ್ರ ಒರಿಜಿನಲ್ ಮಂದಿ. ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ತ್ರಿವೇಣಿಗೆ ಅವನು ಕೊಟ್ಟ ದೊಡ್ಡ ಪ್ರಶಂಸೆ ಇದೇ, ಅದೂ ಅವಳ ಅಪ್ಪನಿಗೆ.

"ಬ್ರೇಕ್ ಕಂಪನಿಯವರು ಡೀಲರ್ ಮಂದಿಗೆ ಕೂಪನ್ ಕೊಟ್ಟಾರ," ಎಂದ. "ಹೊಸ ಮಾಲ್ ಆಗೇತಲ್ಲ, ಅದರಾಗ ವಿಯೆಟ್ನಾಂ ಹೋಟೆಲ್. ನಾಲ್ಕ ಮಂದಿಗೆ ಊಟ. ಇವತ್ತ ಕಡೀ ದಿನ."

"ವಿಯೆಟ್ನಾಂ ಎಲ್ಲಿ ಬರತೈತ್ರಿ?"

"ಅಸ್ಸಾಂ ದಾಟಿ ಜರಾ ಬಲಕ್ಕ." ಸ್ಕೂಟರಿನ ಮೇಲೆ ಒಮ್ಮೆ ಹೋಗಿ ಬಂದವನ ಧಾಟಿಯಿತ್ತು.

"ಅಲ್ಲಿ ನಮ್ಮಂಥಾರಿಗೆ ಉಣ್ಣಾಕ ಏನರ ಸಿಗತೈತೋ ಇಲ್ಲೋ?"

"ವೆಜ್ ಊಟಾನ ಐತಿ. ನೋಡಿಲ್ಲೆ, ಹಸರ ಚುಕ್ಕಿ."

ತ್ರಿವೇಣಿ ರೊಟ್ಟಿ ತಿರುವಿ ಹಾಕಿ, ಕೈ ಒರೆಸಿಕೊಂಡು, ಹಸಿರು ಚುಕ್ಕೆಯನ್ನು ಹತ್ತಿರದಿಂದ ನೋಡಿದಳು. ಈ ಮನೆಯಲ್ಲಿ ಅದು ಹಗುರವಾದ ವಿಷಯವಲ್ಲ. ಐದು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಸವಣ್ಣೆವ್ವ ಚಹಾ ಕುಡಿದ ಮೇಲೆ ಪಕ್ಕದ ಒಲೆಯಲ್ಲಿ ಆಮ್ಲೆಟ್ ಹೊರಳಿದ್ದು ಕಂಡಿತ್ತು. ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಗೆ ಬಂದವಳು ಮೂರು ದಿನ ಬರೀ ನೀರಿನ ಮೇಲಿದ್ದಳು. ಆಗ ಮೈಯಲ್ಲಿ ತ್ರಾಣವಿತ್ತು, ನಡೆಯಿತು.

ಮುದುಕಿಯೊಬ್ಬಳನ್ನೇ ಬಿಟ್ಟು ಹೋಗುವಂತಿರಲಿಲ್ಲ. "ನೀವು ಉಣ್ಣರಿ, ನಾ ನೋಡ್ಕೋತ ಕುಂದರತೀನಿ," ಎಂದು ಅವಳೂ ಇಳಕಲ್ ಸೀರೆ ಉಟ್ಟು ಹೊರಟಳು.

ಹೋಟೆಲು ಮಾಲಿನ ಮೂರನೆಯ ಮಹಡಿಯಲ್ಲಿತ್ತು. ಬಿದಿರಿನ ಕುರ್ಚಿ, ಕಾಗದದ ಬುಟ್ಟಿಯಂಥ ದೀಪಗಳು. ಬಡಿಸುವವಳು ಮಣಿಪುರದ ಕಡೆಯ ಹೆಂಗಸು, ಮೂವತ್ತರ ಆಸುಪಾಸು, ನಗುಮುಖ. ಮೊದಲು ಒಂದು ಅಗಲವಾದ ಬಟ್ಟಲಿನಲ್ಲಿ ಬೆಚ್ಚಗಿನ ನೀರು ತಂದಿಟ್ಟಳು.

ಹಿಂದೊಮ್ಮೆ ಡೀಲರುಗಳ ಸಭೆಯಲ್ಲಿ ಹೊಳಬಸಪ್ಪ ಕೈ ತೊಳೆಯಲು ಕೊಟ್ಟ ಲಿಂಬೆಹಣ್ಣಿನ ಬಿಸಿನೀರನ್ನು ಸಕ್ಕರೆ ಕೇಳಿ ಕುಡಿದಿದ್ದ. ಅಂದು ಬಿದ್ದ ನಗೆ ಇನ್ನೂ ಕಿವಿಯಲ್ಲಿತ್ತು. ಇನ್ನು ಮುಂದೆ ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ಬೆಚ್ಚಗಿನ ನೀರು ಬಂದರೆ ಕೈ ತೊಳೆಯುವುದೇ ಎಂದು ಅವನು ನಿಶ್ಚಯಿಸಿದ್ದ.

"ತೊಳೀರಿ," ಎಂದು ಮೊದಲು ತಾನೇ ಬೆರಳು ಅದ್ದಿದ. "ದೊಡ್ಡ ಹೋಟೆಲಿನ ಪದ್ಧತಿ."

ನಾಲ್ವರೂ ಭಕ್ತಿಯಿಂದ ತೊಳೆದರು. ಆ ಹೆಂಗಸು ಬಟ್ಟಲು ಒಯ್ದು ಬೇರೆ ನೀರು ತಂದಿಟ್ಟಳು. ಹೊಳಬಸಪ್ಪ ಮತ್ತೆ ತೊಳೆದ.

"ನೋಡ, ಸರ್ವಿಸ್ ಅಂದ್ರ ಇದು. ಎರಡೆರಡ ಸಲ."

ಮೂರನೆಯ ಬಟ್ಟಲನ್ನು ಅವಳು ಕೆಳಗಿಡಲಿಲ್ಲ. ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಕಾಗದದಷ್ಟು ತೆಳುವಾದ ಒಂದು ದುಂಡನೆಯ ಬಿಳಿ ಹಾಳೆಯನ್ನು ನೀರಿನಲ್ಲಿ ಮುಳುಗಿಸಿ, ತಾಟಿನ ಮೇಲೆ ಹರವಿ, ಅದರ ಮೇಲೆ ಸೊಪ್ಪು ಇಟ್ಟು ಸುತ್ತಿ ತೋರಿಸಿದಳು. ಹೊಳಬಸಪ್ಪ ತನ್ನ ಒದ್ದೆ ಕೈಯನ್ನು ನಿಧಾನವಾಗಿ ಮೇಜಿನ ಕೆಳಗೆ ಒಯ್ದ.

ಬಸವಣ್ಣೆವ್ವ ಮುಂದಕ್ಕೆ ಬಾಗಿದಳು.

"ಅಯ್ಯ, ಇದು ನಮ್ಮ ಅಕ್ಕಿ ಹಪ್ಪಳಾ! ಒಣಗಿಸಿದ್ದನ್ನ ಮತ್ತ ತೋಯಿಸಿ ಹಸೇದು ಮಾಡ್ಯಾರ." ಹಾಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ನಾವು ಸಣ್ಣಾವ್ರಿದ್ದಾಗ ಮಾಳಿಗಿ ಮ್ಯಾಲೆ ಹಪ್ಪಳಾ ಕಾಯಾಕ ಕುಂದರಸತಿದ್ರು. ಕಾಗಿ ತಿಂದದ್ದಕ್ಕಿಂತ ಹಸೇವು ನಾವ ತಿಂದದ್ದು ಹೆಚ್ಚು."

ಆಮೇಲೆ ಸೊಪ್ಪಿನ ತಾಟು ಎಳೆದುಕೊಂಡಳು. ಪುದೀನ, ಕೊತ್ತಂಬರಿ, ಮೊಳಕೆಕಾಳು, ಸೌತೆಕಾಯಿ, ಎಲ್ಲ ಹಸಿ. ಒಂದು ಎಲೆಯನ್ನು ಮೂಸಿ, "ಕಾಮಕಸ್ತೂರಿ!" ಎಂದಳು. "ಏನವಾ ತಂಗಿ, ಹಕ್ಕರಕಿ ಇಲ್ಲೇನು?" ಎಂದು ಆ ಹೆಂಗಸನ್ನು ಶುದ್ಧ ಬೈಲಹೊಂಗಲದ ಕನ್ನಡದಲ್ಲಿ ಕೇಳಿದಳು. ಅವಳು ಹಿಂದಿಯಲ್ಲಿ ಏನೋ ಅಂದಳು. ಇಬ್ಬರಿಗೂ ತೃಪ್ತಿಯಾಯಿತು. ರೊಟ್ಟಿಯ ಜೊತೆ ಹಸಿ ಸೊಪ್ಪು ಕಚ್ಚಿಕೊಂಡು ಬೆಳೆದ ಮುದುಕಿಗೆ ಪರದೇಶದ ಈ ತಾಟಿನಲ್ಲಿ ಗುರುತಿಲ್ಲದ್ದು ಏನೂ ಕಾಣಲಿಲ್ಲ.

ಆಗ ಆ ಹೆಂಗಸು ಹೊಳಬಸಪ್ಪನ ಕಡೆ ತಿರುಗಿ, "ಸರ್, ವೆಜ್ ವಾಲೋಂ ಕೆ ಲಿಯೆ ಸೋಯಾ ಚಟ್ನಿ ಅಲಗ್ ಹೈ. ವಹೀ ಲಾವೂಂ, ಯಾ ಒರಿಜಿನಲ್?" ಎಂದಳು.

ಶಾಕಾಹಾರಿಗಳಿಗೆ ಬೇರೆ ಚಟ್ನಿಯಿದೆ, ಅದನ್ನು ತರಲೋ ಒರಿಜಿನಲ್ ತರಲೋ ಎಂದು ಅವಳು ಕೇಳಿದ್ದು. ಸಭ್ಯವಾದ, ಸ್ಪಷ್ಟವಾದ ಪ್ರಶ್ನೆ. ಆದರೆ ಬಟ್ಟಲಿನ ಅವಮಾನವನ್ನು ಹೇಗೆ ತೊಳೆಯುವುದೆಂದು ಯೋಚಿಸುತ್ತಿದ್ದ ಹೊಳಬಸಪ್ಪನಿಗೆ ಕೊನೆಯ ಪದವೊಂದೇ ತನ್ನನ್ನು ಹೆಸರು ಹಿಡಿದು ಕರೆದಂತೆ ಕೇಳಿಸಿತು.

"ಕ್ಯಾ ಬಾತ್ ಕರತೀ ಹೋ ಬಹೆನ್!" ಎಂದು ಎದೆ ಸೆಟೆಸಿದ. "ಒರಿಜಿನಲ್! ತೀಸ್ ಸಾಲ್ ಸೇ ಒರಿಜಿನಲ್ ಕಾ ಧಂಧಾ ಹೈ ಮೇರಾ!"

"ಪಕ್ಕಾ, ಸರ್?"

"ಪಕ್ಕಾ! ಡಬಲ್ ಲಾವೋ!"

ತ್ರಿವೇಣಿ ಅತ್ತೆಯ ಸೆರಗು ನೀರಿಗೆ ಬೀಳದಂತೆ ಸಿಕ್ಕಿಸುತ್ತಿದ್ದಳು. ರೇಣು ಹೊಸ ಮೊಬೈಲಿನಲ್ಲಿ ದೀಪದ ಫೋಟೋ ತೆಗೆಯುತ್ತಿದ್ದಳು. ಒರಿಜಿನಲ್ ಬಂತು, ಡಬಲ್ ಬಂತು. ಜೇನಿನ ಬಣ್ಣದ ತೆಳುವಾದ ರಸ, ಮೇಲೆ ಕೆಂಪು ಮೆಣಸಿನಕಾಯಿಯ ಚೂರು.

ಬಸವಣ್ಣೆವ್ವ ತಾನು ಸುತ್ತಿದ ಸುರುಳಿಯನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು.

"ಇದರಾಗ ಏನೋ ಒಂದ ಐತಿ," ಎಂದಳು. "ಮಲಗಿದ ನಾಲಿಗಿ ಎದ್ದ ಕುಂತತಿ ನೋಡ."

ಆರು ಸುರುಳಿ ತಿಂದಳು. ಕೊನೆಗೆ ಬಟ್ಟಲಿನಲ್ಲಿ ಉಳಿದ ರಸವನ್ನು ಬೆರಳಿನಿಂದ ಬಳಿದಳು. ಹೊಳಬಸಪ್ಪನ ಕಣ್ಣಲ್ಲಿ ನೀರು ತುಂಬಿತು. "ಖಾರ ಭಾಳ ಐತಿ," ಎಂದು ಅದುವರೆಗೆ ಚಟ್ನಿ ಮುಟ್ಟದವನು ಹೇಳಿದ.

ಕೈ ತೊಳೆಯಲು ಹೋದ ತ್ರಿವೇಣಿ ದಾರಿಯಲ್ಲಿ ಆ ಹೆಂಗಸನ್ನು ನಿಲ್ಲಿಸಿದಳು. ಈ ಚಟ್ನಿಯನ್ನು ಮನೆಯಲ್ಲೇ ಮಾಡಬಹುದೇ ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದಳು. ಯಾಕಾಗದು ಎಂದಳು ಅವಳು ಖುಷಿಯಿಂದ. ಲಿಂಬೆರಸ, ಸಕ್ಕರೆ, ಬೆಳ್ಳುಳ್ಳಿ, ಮೆಣಸಿನಕಾಯಿ, ನೀರು. ಮತ್ತೆ ಮುಖ್ಯವಾದದ್ದು ಇದು ಎಂದು ಅಡಿಗೆಮನೆಯ ಕಿಟಕಿಯಿಂದ ಒಂದು ಉದ್ದನೆಯ ಬಾಟಲಿ ತಂದು ತೋರಿಸಿದಳು. ಬಾಟಲಿಯ ಮೇಲೆ ಒಂದು ಮೀನು, ಬಾಯಿ ತೆರೆದುಕೊಂಡು, ತ್ರಿವೇಣಿಯನ್ನೇ ನೋಡುತ್ತಿತ್ತು.

"ಮಛಲಿ?"

"ಹಾಂ ಮ್ಯಾಡಮ್, ಮಛಲಿ ಕಾ ಪಾನಿ. ಸರ್ ನೇ ಒರಿಜಿನಲ್ ಬೋಲಾ ನಾ? ಮೈನೇ ದೋ ಬಾರ್ ಪೂಛಾ."

ಎರಡು ಸಲ ಕೇಳಿದ್ದ ಅವಳ ತಪ್ಪಿರಲಿಲ್ಲ. ತ್ರಿವೇಣಿ ತಾನು ತಿಂದ ಎರಡು ಸುರುಳಿಗಳನ್ನು ಲೆಕ್ಕ ಹಾಕಿ, ನಲ್ಲಿ ತಿರುವಿ ಏಳು ಸಲ ಬಾಯಿ ಮುಕ್ಕಳಿಸಿದಳು. ಹೇಳಿಬಿಡಬೇಕೆಂದು ಮೇಜಿನ ಹತ್ತಿರ ಬಂದಳು. ಬಾಯಿ ತೆರೆದಳು ಕೂಡ, ಬಾಟಲಿಯ ಮೇಲಿನ ಮೀನಿನಂತೆ. ಅಷ್ಟರಲ್ಲಿ ಬಸವಣ್ಣೆವ್ವ, ಎರಡು ತಿಂಗಳ ನಂತರ ಮೊದಲ ಸಲ ತೇಗಿ, "ತ್ರಿವೇಣಿ, ನಾಳೆ ಮುಂಜಾನೆ ಎರಡ ರೊಟ್ಟಿ ಜಾಸ್ತಿ ಬಡಿಯವಾ. ಹಸಿವು ಆಗೋಹಂಗ ಕಾಣತೈತಿ," ಎಂದಳು.

ತ್ರಿವೇಣಿ ಬಾಯಿ ಮುಚ್ಚಿದಳು.

ಗಂಡನಿಗಾದರೂ ಹೇಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಕೇಳುವವರು ಹೊಳಬಸಪ್ಪನನ್ನು ಬಲ್ಲವರಲ್ಲ. ಒಮ್ಮೆ ಅವನು ಹೆಂಡತಿಗೆ ತಿಳಿಯದಂತೆ ಸೀರೆ ಕೊಳ್ಳಲು ಹೋಗಿ, ಅಂಗಡಿಯಿಂದ ಮೂರು ಸಲ ಅವಳಿಗೇ ಫೋನು ಮಾಡಿ, ತಿಳಿಯದಂತೆ ಯಾವ ಬಣ್ಣ ಕೊಳ್ಳಲಿ ಎಂದು ಕೇಳಿದ್ದ. ಇಂಥ ಗುಟ್ಟು ಅವನ ಹೊಟ್ಟೆಯಲ್ಲಿ ಲಿಫ್ಟಿನಿಂದ ಇಳಿಯುವವರೆಗೂ ನಿಲ್ಲುತ್ತಿರಲಿಲ್ಲ. ಅಲ್ಲಿಯೇ ತಾಯಿಯ ಕಾಲಿಗೆ ಬಿದ್ದು ಅಳುತ್ತಿದ್ದ. ತಾಯಿ ಅಂದಿನಿಂದಲೇ ನೀರಿನ ಮೇಲೆ ಕೂರುತ್ತಿದ್ದಳು. ಈ ಸಲ ಮೂರು ದಿನ ತಡೆಯುವ ಮೈ ಅದಾಗಿರಲಿಲ್ಲ.

ಮನೆಗೆ ಬಂದು ತ್ರಿವೇಣಿ ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ತಿಂದವರೆಲ್ಲರ ಪರವಾಗಿಯೂ ತಪ್ಪೊಪ್ಪಿಕೊಂಡಳು. ಮುಗಿಯಿತು ಎಂದುಕೊಂಡಳು.

ಮರುದಿನ ಸೋಮವಾರ ಬೆಳಿಗ್ಗೆ ಬಸವಣ್ಣೆವ್ವ ರೊಟ್ಟಿ ಮುರಿದು, ಕೈ ತಡೆದು, "ಆ ಚಟ್ನಿ ಇದ್ರ ಹೋಗಿಬಿಡತಿತ್ತು," ಎಂದಳು. ಅಷ್ಟೇ ಸಾಕಾಯಿತು. ಹೊಳಬಸಪ್ಪ ಮಳೆಯಲ್ಲಿ ಸ್ಕೂಟರ್ ಹತ್ತಿ ಮಾಲಿಗೆ ಹೋಗಿ, ಬಾಗಿಲು ತೆರೆಯುವವರೆಗೆ ಕಾದು, ಒಂದು ಪ್ಲಾಸ್ಟಿಕ್ ಡಬ್ಬಿ ತುಂಬ ಪಾರ್ಸಲ್ ತಂದ. ಬರುವ ದಾರಿಯಲ್ಲಿ ಅಂಗಡಿಗೆ ಹೋಗಿ, ಬ್ರೇಕ್ ಕಂಪನಿಯ ಮಿನುಗುವ 'ಜಿನ್ಯೂಯಿನ್' ಸ್ಟಿಕ್ಕರನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದ. ಅದನ್ನು ನೇರವಾಗಿ ತಾಯಿಯ ಕೈಗೇ ಕೊಟ್ಟ. ಅವಳು ಅದರ ಜೊತೆ ಎರಡು ರೊಟ್ಟಿ ಮುಗಿಸಿದಳು. ತ್ರಿವೇಣಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದು ತುತ್ತಿಗೂ ಸಂತೋಷಪಟ್ಟಳು, ಒಂದೊಂದು ತುತ್ತಿಗೂ ನಡುಗಿದಳು.

ಸುದ್ದಿ ಮೂರು ಮಹಡಿ ಹತ್ತಿ ಇಳಿಯಿತು. ಗೋದಾ ವೈನಿ ಖಾಲಿ ಬಟ್ಟಲು ಹಿಡಿದೇ ಬಂದಳು.

"ಏನ್ರೀ ಹೊಳಬಸಪ್ಪ, ಅವ್ವಾರ ಮಾರಿ ಮ್ಯಾಲೆ ಕಳಾ ಬಂದದ! ನನ್ನ ಮಜ್ಜಿಗಿ ಸಾರಿಗೆ ಆಗದ್ದು ಆ ಚಟ್ನಿಗೆ ಹೆಂಗಾತು? ಒಂದ ಚೂರು ಹಾಕ್ರಿ, ರುಚಿ ನೋಡತೀನಿ."

ಹೊಳಬಸಪ್ಪ ಉದಾರವಾಗಿ ಚಮಚ ಮುಳುಗಿಸಿದ. ತ್ರಿವೇಣಿ ಓಡಿ ಬಂದಳು.

"ವೈನಿ, ನಿಮಗ ಚಾತುರ್ಮಾಸ ಅಲ್ಲೇನ್ರಿ? ಅದರಾಗ ಬೆಳ್ಳುಳ್ಳಿ ಐತ್ರಿ. ಭಾಳ ಬೆಳ್ಳುಳ್ಳಿ. ಬರೇ ಬೆಳ್ಳುಳ್ಳಿನ ಅನ್ರಿ!"

ಗೋದಾ ವೈನಿ ಬಟ್ಟಲನ್ನು ಸೆರಗಿನೊಳಗೆ ಎಳೆದುಕೊಂಡಳು. "ಮೊದಲ ಹೇಳಬಾರದ? ದೇವರ ಕಾದ." ಬೆಳ್ಳುಳ್ಳಿಯಿಂದ ಒಬ್ಬ ವೈಷ್ಣವ ಹೆಂಗಸಿನ ವ್ರತ ಉಳಿದದ್ದು ಅದೇ ಮೊದಲಿರಬೇಕು.

ಮಂಗಳವಾರದಿಂದ ತ್ರಿವೇಣಿ, ಅತ್ತೆ ಮಧ್ಯಾಹ್ನ ಒರಗಿದ ಹೊತ್ತಿನಲ್ಲಿ, ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೆಲಸ ಶುರುಮಾಡಿದಳು. ಮೊದಲ ದಿನ ಹುಣಸೆರಸ, ಬೆಲ್ಲ. ಬಸವಣ್ಣೆವ್ವ ನೆಕ್ಕಿ, "ಇದು ಚಿಗಳಿ," ಎಂದಳು. ಎರಡನೆಯ ದಿನ ಆಮ್ಸೂಲೆಂಬ ಮುರುಗಲ ಹುಳಿ, ಇಂಗು. "ಇದು ಔಷಧ." ಹೊಳಬಸಪ್ಪ ಹೆಂಡತಿಯನ್ನು ಕನಿಕರದಿಂದ ನೋಡಿ, "ಯಾಕ ತ್ರಾಸ ತಗೋತಿ? ಡುಪ್ಲಿಕೇಟ್ ಪಾರ್ಟ್ ಹಾಕಿದ್ರ ಗಾಡಿ ಓಡೂದಿಲ್ಲ," ಎಂದು ಸ್ಟಿಕ್ಕರ್ ಅಂಟಿಸಿದ ಮತ್ತೊಂದು ಡಬ್ಬಿ ತಂದ.

ಶುಕ್ರವಾರ ಬಸವಣ್ಣೆವ್ವ ಹಾಸಿಗೆಯಿಂದ ಎದ್ದು ಗ್ಯಾಲರಿಯವರೆಗೆ ನಡೆದಳು. ಅದೇ ಉತ್ಸಾಹದಲ್ಲಿ ಘೋಷಿಸಿದಳು: "ಬರೂ ಸೋಮವಾರ ಅಯ್ಯನವರನ್ನ ಊಟಕ್ಕ ಕರೀರಿ. ನಾ ಉಳದದ್ದ ಅವರ ಆಶೀರ್ವಾದ. ಆ ಚಟ್ನಿ ಅವರ ತಾಟಿಗೂ ಬೀಳಬೇಕು."

ತ್ರಿವೇಣಿಯ ಕೈಯಲ್ಲಿದ್ದ ಸವಟು ಕೆಳಗೆ ಬಿತ್ತು. ಅತ್ತೆಯೆಂದರೆ ಮನೆಯವಳು. ಆದರೆ ಅಯ್ಯನವರು ಜಂಗಮರು. ಶ್ರಾವಣ ಸೋಮವಾರ ಪಾದ ತೊಳೆದು, ಆ ಗುರುಗಳ ತಾಟಿಗೆ ಮೀನಿನ ನೀರು ಬಡಿಸುವುದೆಂದರೆ ಇಪ್ಪತ್ತೈದು ವರ್ಷ ಈ ಮನೆಯ ಒಲೆ ಹಚ್ಚಿದವಳ ಕೈಯಿಂದ ಆಗುವ ಕೆಲಸವಲ್ಲ.

ಶನಿವಾರ ಮಧ್ಯಾಹ್ನ ಅವಳು ಅಟ್ಟದ ಮೇಲಿನಿಂದ ಒಂದು ಭರಣಿ ಇಳಿಸಿದಳು. ಮೂರು ವರ್ಷದ ಹಿಂದೆ ಹಾಕಿದ ಉಪ್ಪಿನ ಲಿಂಬೆಕಾಯಿ, ಹಣ್ಣೆಲ್ಲ ಕರಗಿ ಕಪ್ಪಾಗಿ, ಮೇಲೆ ಕಾಕಂಬಿಯಂಥ ರಸ ನಿಂತಿತ್ತು. ಒಂದು ಚಮಚ ತೆಗೆದು, ಬೆಲ್ಲದ ನೀರಿಗೆ ಬೆರೆಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಮೆಣಸಿನಕಾಯಿ ಹೆಚ್ಚಿ, ನಾಲಿಗೆಯ ತುದಿಗೆ ಇಟ್ಟುಕೊಂಡಳು. ಉಪ್ಪು, ಹುಳಿ, ಸಿಹಿ. ಅವುಗಳ ಹಿಂದೆ, ಹೆಸರಿಲ್ಲದ, ಹಳೆಯ, ಆಳವಾದ ಇನ್ನೊಂದು. ಅದೇ ಇದು ಎಂದು ಅವಳು ಇನ್ನೊಂದು ಚಮಚ ರಸ ತೆಗೆದಳು.

ಸೋಮವಾರ ನಸುಕಿನಲ್ಲಿ ಕುದಿಯುವ ನೀರಿನ ಹಬೆಗೆ ಡಬ್ಬಿಯ ಮುಚ್ಚಳ ಹಿಡಿದು ಮಿನುಗುವ ಸ್ಟಿಕ್ಕರನ್ನು ಬಿಡಿಸಿ, ಅದನ್ನು ತನ್ನ ಚಟ್ನಿ ತುಂಬಿದ ಹೊಸ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದಳು. ಹಳೆಯದು ಗಟಾರ ಸೇರಿತು.

ಅಯ್ಯನವರು ಬಂದರು. ಪಾದಪೂಜೆಯಾಯಿತು. ಪಂಕ್ತಿ ಕುಳಿತಿತು. ಹೊಳಬಸಪ್ಪ ಡಬ್ಬಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಒರಿಜಿನಲ್, ಅಜ್ಜಾರ. ನೋಡ್ರಿ, ಸ್ಟಿಕ್ಕರ್ ಜರಾನೂ ಅಲುಗಾಡಿಲ್ಲ."

ಅಯ್ಯನವರು ಅದ್ದಿಕೊಂಡು ತಿಂದರು. "ಭಾಳ ಚಲೋ ಐತಿ. ಏನೇನ ಹಾಕ್ತಾರ ಇದಕ್ಕ?"

"ಅದು ಕಂಪನಿ ಸೀಕ್ರೆಟ್‌ರಿ," ಎಂದ ಹೊಳಬಸಪ್ಪ.

"ಲಿಂಬಿ, ಬೆಲ್ಲ, ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿರಿ," ಎಂದಳು ತ್ರಿವೇಣಿ. "ಬ್ಯಾರೆ ಏನೂ ಇಲ್ರಿ." ಎಂಟು ದಿನಗಳಲ್ಲಿ ಅವಳು ತಡೆಯಿಲ್ಲದೆ ಆಡಿದ ಮೊದಲ ಸತ್ಯ ಅದು.

ಆದರೆ ಅವಳ ಕಣ್ಣು ಅಯ್ಯನವರ ಮೇಲಿರಲಿಲ್ಲ. ಬಸವಣ್ಣೆವ್ವ ರೊಟ್ಟಿಯ ಚೂರು ಅದ್ದಿದಳು, ಬಾಯಿಗಿಟ್ಟಳು, ನಿಲ್ಲಿಸಿದಳು. ಹುಬ್ಬು ಕೂಡಿದವು.

"ಇವತ್ತಿಂದು ಬ್ಯಾರೆ ಐತಿ."

"ಏ ಯವ್ವಾ, ಹೆಂಗ ಬ್ಯಾರೆ ಇರತೈತಿ? ಅದ ಹೋಟೆಲ್, ಅದ ಡಬ್ಬಿ!" ಹೊಳಬಸಪ್ಪನಿಗೆ ತನ್ನ ಸರಕಿನ ಮೇಲೆ ಆಪಾದನೆ ಬಂದಂತಾಯಿತು.

ತ್ರಿವೇಣಿ ರೊಟ್ಟಿಯ ಬುಟ್ಟಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮುದುಕಿ ಇನ್ನೊಂದು ಚೂರು ಅದ್ದಿದಳು. ಇನ್ನೊಂದು.

"ಅವತ್ತಿನಕಿಂತ ಚಲೋ ಐತಿ," ಎಂದಳು. "ಇದು ನಿಜವಾದ ಒರಿಜಿನಲ್. ರೊಟ್ಟಿ ಹಾಕವಾ, ಯಾಕ ನಿಂತಿ?"

ಅಯ್ಯನವರು ಹೊಳಬಸಪ್ಪನ ತಲೆಯ ಮೇಲೆ ಕೈಯಿಟ್ಟರು. "ತಾಯಿನ್ನ ಉಳಿಸಿಕೊಂಡಿ. ಇಂಥಾ ಮಗ ಮನಿಗೊಬ್ಬ ಇರಬೇಕು." ಹೊಳಬಸಪ್ಪ ಮತ್ತೆ ಕಣ್ಣು ಒರೆಸಿಕೊಂಡು ಖಾರದ ಮೇಲೆ ಹಾಕಿದ. ಅವನ ಮುಖ ನೋಡಿ ತ್ರಿವೇಣಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎರಡು ತಿಂಗಳು ಆ ಮುಖವೂ ಸರಿಯಾಗಿ ಉಂಡಿರಲಿಲ್ಲ.

ಊಟ ಮುಗಿದು ಎಲೆಅಡಿಕೆ ಹಾಕಿಕೊಳ್ಳುವಾಗ ಬಸವಣ್ಣೆವ್ವ ಕಾಲು ಚಾಚಿ ಕುಳಿತು ಹೇಳಿದಳು: "ನಮ್ಮ ಅಕ್ಕನ ಬಳಗದ ಹೆಣ್ಣಮಕ್ಕಳು ಹನ್ನೊಂದ ಮಂದಿ. ನನ್ನ ಸಲುವಾಗಿ ದಿನಾ ವಚನ ಹಾಡ್ಯಾರ. ಬರೂ ಸೋಮವಾರ ಎಲ್ಲಾರನ್ನೂ ಆ ವಿಯೆಟ್ನಾಮಕ್ಕ ಕರಕೊಂಡ ಹೋಗೂನು."

ಹೊಳಬಸಪ್ಪನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅಲ್ಲೇ ಫೋನು ತೆಗೆದು, ಇಡೀ ಬಿಲ್ಡಿಂಗಿಗೆ ಕೇಳುವಂತೆ ಹಿಂದಿಯಲ್ಲಿ ಹದಿಮೂರು ಜನರಿಗೆ ಮೇಜು ಹಿಡಿಸಿದ. "ಔರ್ ಸುನೋ, ಸಬ್ ಕೋ ಒರಿಜಿನಲ್! ಪಕ್ಕಾ!"

ತ್ರಿವೇಣಿ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟಳು. ಗುರುವಾರ ಗಂಡ ಬಿಡಿಭಾಗ ತರಲು ಹೋಲ್‌ಸೇಲ್ ಪೇಟೆಗೆ ಹೋದರೆ ಮಧ್ಯಾಹ್ನದವರೆಗೆ ಬರುವುದಿಲ್ಲ. ಅತ್ತೆಯ ಹತ್ತಿರ ರೇಣು ಇರುತ್ತಾಳೆ. ಮಾಲಿಗೆ ಕೊಂಢವಾದಿಂದ ನೇರ ಬಸ್ಸಿದೆ. ಒಬ್ಬಳೇ ಅಷ್ಟು ದೂರ ಅವಳು ಎಂದೂ ಹೋದವಳಲ್ಲ, ಅಲ್ಲಿಯ ಓಡುವ ಮೆಟ್ಟಿಲನ್ನು ಒಬ್ಬಳೇ ಹತ್ತಿದವಳೂ ಅಲ್ಲ. ಆದರೆ ಮೂರನೆಯ ಮಹಡಿಯಲ್ಲಿ ಆ ಮಣಿಪುರದ ಹೆಂಗಸಿದ್ದಾಳೆ, ಎರಡೆರಡು ಸಲ ಕೇಳುವ ಬುದ್ಧಿಯವಳು. ಸೋಮವಾರ ನಮ್ಮವರು ಏನೇ ಕೂಗಲಿ, ನೀನು ಹೂಂ ಅಂದು ನಾನು ತಂದ ಈ ಲಿಂಬೆಯ ಚಟ್ನಿಯನ್ನೇ ಬಡಿಸವಾ ಎಂದು ಅವಳ ಕೈ ಹಿಡಿದು ಹೇಳಬೇಕು. ಹೋದದ್ದೇ ಆಯಿತು, ಕಿಟಕಿಯ ಹತ್ತಿರ ಕುಳಿತು ಒಂದು ತಾಟು ಹಸಿ ಸೊಪ್ಪು, ಸೋಯಾ ಚಟ್ನಿ ತರಿಸಿಕೊಂಡು, ಯಾರ ತಾಟನ್ನೂ ನೋಡದೆ ತಾನೊಬ್ಬಳೇ ನಿಧಾನವಾಗಿ ಉಣ್ಣಬೇಕು.

"ಒಳಗ ಏನ ಮಾಡಾಕತ್ತಿ ಇಷ್ಟೊತ್ತು?" ಹೊಳಬಸಪ್ಪ ಹೊರಗಿನಿಂದ ಕೂಗಿದ.

"ಏನಿಲ್ರಿ," ಎಂದಳು ತ್ರಿವೇಣಿ, ಮತ್ತು ಎರಡು ದೊಡ್ಡ ಬಾಟಲಿಗಳನ್ನು ತೊಳೆದು ಬೋರಲು ಹಾಕಿದಳು.